ಸಂತೇಪೇಟೆಯ ಮಿಲ್ಲು: ರಾಗಿ ಸರಿಗೆ ಪೂರ್ತಿ ಅಂಕ, ಅಂಟುವಾಳಕ್ಕೆ ಅರ್ಧ

ಹಾಸನದಲ್ಲಿ ಮಗುವಿಗೆ ರಾಗಿ ಸರಿ ಹಿಟ್ಟು ಮಾಡಿಸಲು ಜಾಗ ಹುಡುಕುತ್ತಿದ್ದೀರಾ? ಸಂತೇಪೇಟೆ ಕಡೆ ಒಂದು ಹಳೇ ಮಿಲ್ಲಿದೆ. ಬೋರ್ಡಿನ ಮೇಲೆ ಹಿಟ್ಟು ಕೂತು ಹೆಸರು ಓದಲು ಬರುವುದಿಲ್ಲ, ಅಕ್ಕಪಕ್ಕದವರೂ ಸುಮ್ನೆ "ಮಿಲ್ಲು" ಅಂತಾರೆ. ಮಗಳಿಗೆ ಆರು ತಿಂಗಳು ತುಂಬಿದಾಗಿನಿಂದ ನಮ್ಮ ಹಿಟ್ಟು ಅಲ್ಲೇ ಆಗುತ್ತಿದೆ. ಮನೆಯಲ್ಲೇ ಮಾಡಿಕೊಂಡರೆ ದುಡ್ಡು ಉಳಿಯುತ್ತೆ ಅಂತ ಎಲ್ಲರೂ ಹೇಳುತ್ತಾರಲ್ವಾ, ಸರಿ ಹಿಟ್ಟಿನ ಮಟ್ಟಿಗೆ ಅದು ನಿಜ. ನೆಲ, ಬಟ್ಟೆ, ಬಾತ್‌ರೂಮು ತೊಳೆಯಲು ಮನೆಯಲ್ಲೇ ಮಾಡುವ ಪುಡಿ, ದ್ರಾವಣದ ವಿಷಯದಲ್ಲಿ ಅರ್ಧ ನಿಜ.

ಈ ಮಿಲ್ಲು ಇಷ್ಟವಾಗಲು ಒಂದೇ ಕಾರಣ. ಖಾರದ ಪುಡಿಯ ಮೆಷಿನ್ನು ಹಿಂದಿನ ಕೋಣೆಯಲ್ಲಿ ಬೇರೆ ಇದೆ. ಮೊದಲು ಇನ್ನೊಂದು ಕಡೆ ಹಾಕಿಸುತ್ತಿದ್ದೆವು, ಅಲ್ಲಿ ಎಲ್ಲಾ ಒಂದೇ ಮೆಷಿನ್ನಿಗೆ. ಒಂದು ಸಲ ಹಿಟ್ಟಿಗೆ ಮೆಣಸಿನಕಾಯಿ ಘಾಟು ಹತ್ತಿ ಪೂರ್ತಿ ಚೆಲ್ಲಬೇಕಾಯಿತು. ಇಲ್ಲಿ ಸಂಜೆ ಚೀಲ ಹಿಡಿದು ಹೋದರೆ ಮಿಲ್ಲಿನ ಅಣ್ಣ ತಗೊಳ್ಳಲೇ ಇಲ್ಲ. "ಮಗೂಗಾ ಅಕ್ಕಾ? ಈಗ ಬೇಡ, ಬೆಳಿಗ್ಗೆ ಶುರು ಮಾಡೋ ಹೊತ್ತಿಗೆ ಬನ್ನಿ" ಅಂದರು. ಬೆಳಿಗ್ಗೆ ಹೋದರೆ ಮೆಷಿನ್ನು ಗುಡಿಸಿ, ನಮ್ಮದೇ ರಾಗಿ ಒಂದು ಹಿಡಿ ಬಿಟ್ಟು, ಆ ಮೊದಲ ಹಿಟ್ಟನ್ನು ಪಕ್ಕಕ್ಕೆ ತೆಗೆದು ಆಮೇಲೆ ಉಳಿದದ್ದು ಹಾಕಿದರು. ಹಿಂದಿನವರ ಗೋಧಿ ಒಳಗೆ ಉಳಿದಿರುತ್ತದೆ, ಅದಕ್ಕೆ. ಕೇಳದೆ ಇಷ್ಟು ಮಾಡುವವರು ಕಡಿಮೆ.

ದೂರು ಇಲ್ಲ ಅಂತಲ್ಲ. "ನುಣ್ಣಗೆ" ಅಂತ ಎರಡು ಸಲ ಹೇಳಬೇಕು, ಇಲ್ಲದಿದ್ದರೆ ಮುದ್ದೆ ಹಿಟ್ಟಿನ ಹಾಗೆ ತರಿತರಿ ಬರುತ್ತದೆ. ಹಿಟ್ಟು ಬಿಸಿಬಿಸಿ ಬರುತ್ತದೆ, ಮನೆಗೆ ಬಂದ ತಕ್ಷಣ ಹರಡಿ ಆರಿಸಿ. ಬಿಸಿ ಇದ್ದಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ. ಆಮೇಲೆ ಪಾತ್ರೆ ಬಾಯಿಗೆ ತೆಳ್ಳನೆ ಪಂಚೆ ಕಟ್ಟಿ, ಮೇಲೆ ಹಿಟ್ಟು ಸುರಿದು ಕೈಯಾಡಿಸಿ ಇಳಿಸುವ ಕೆಲಸ ನಿಮ್ಮದೇ.

ಈಗ ಲೆಕ್ಕ. ಅರಸೀಕೆರೆ ಕಡೆಯ ರಾಗಿ ಇಲ್ಲಿ ಧಾರಾಳ. 2025-26ಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಅಂದರೆ ಕಿಲೋಗೆ ಐವತ್ತರ ಹತ್ತಿರ. ಅಂಗಡಿಯಲ್ಲಿ ಸ್ವಲ್ಪ ಜಾಸ್ತಿ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬಟ್ಟೆಯಲ್ಲಿ ಇಳಿಸಿದ ಮೇಲೆ ಕಿಲೋ ರಾಗಿಗೆ ಮುಕ್ಕಾಲು ಕಿಲೋ ಕೂಡ ಕೈಗೆ ಸಿಗುವುದಿಲ್ಲ. ಮಿಲ್ಲಿನ ಕೂಲಿ ಸೇರಿಸಿ. ಆದರೂ ಅಂಗಡಿಯಲ್ಲಿ ಸಿಗುವ ಮಗುವಿನ ಆಹಾರದ 300 ಗ್ರಾಂ ಡಬ್ಬಿಗೆ ಕೊಡುವ ದುಡ್ಡಿನಲ್ಲಿ ಇದು ತಿಂಗಳುಗಟ್ಟಲೆ ಬರುತ್ತದೆ. ಅತ್ತೆಯವರ ಕೂಲಿ ಲೆಕ್ಕ ಹಾಕಿಲ್ಲ, ಹಾಕಿದರೆ ಡಬ್ಬಿಯೇ ಅಗ್ಗವಾದೀತು! ಆಷಾಢದ ಜಡಿ ಮಳೆಯಲ್ಲಂತೂ ಮೊಳಕೆ ಒಣಗಿಸುವುದು ದೊಡ್ಡ ಪಾಡು, ಹಸಿ ಉಳಿದರೆ ಬೂಷ್ಟು. ಬೇಸಿಗೆಯಲ್ಲೇ ಸ್ವಲ್ಪ ಜಾಸ್ತಿ ಮೊಳಕೆ ಕಟ್ಟಿ, ಚೆನ್ನಾಗಿ ಒಣಗಿಸಿ ಕಾಳಾಗಿಯೇ ಇಟ್ಟುಕೊಳ್ಳಿ. ಹಿಟ್ಟು ಮಾತ್ರ ಆಗಾಗ ಸ್ವಲ್ಪ ಸ್ವಲ್ಪ ಮಾಡಿಸಿ.

ಮೊಳಕೆ ಕಟ್ಟುವುದು ಸುಮ್ನೆ ಸಂಪ್ರದಾಯಕ್ಕಲ್ಲ. ಮೊಳಕೆ ಬಂದಾಗ ಕಾಳಿನೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಸರಿ ಗಂಜಿಯಾಗಿ ಬಿಗಿಯುವುದಿಲ್ಲ. ನೀರು ಜಾಸ್ತಿ ಹಾಕದೆಯೂ ತೆಳ್ಳಗಿರುವುದರಿಂದ ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವ ಹೋಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕಬ್ಬಿಣ ಮಾತ್ರ ರಾಗಿಯಿಂದ ಮೈಗೆ ಅಷ್ಟು ಹಿಡಿಯುವುದಿಲ್ಲ. ಡಬ್ಬಿಯವರು ಕಬ್ಬಿಣ ಸೇರಿಸಿರುತ್ತಾರೆ, ಅದನ್ನು ಒಪ್ಪಲೇಬೇಕು. ಹಾಗಾಗಿ ಬೇಳೆ, ಸೊಪ್ಪು, ಮೊಟ್ಟೆ ಜೊತೆಗೆ ಬರಲಿ, ಬರೀ ಸರಿ ಸಾಲದು. ಡಬ್ಬಿ ತಗೊಳ್ಳುವವರು ಲೇಬಲ್ಲಿನಲ್ಲಿ ಸಕ್ಕರೆ ಇದೆಯಾ ನೋಡಿ. ಮನೆಯ ಸರಿಗೂ ವರ್ಷ ತುಂಬುವವರೆಗೆ ಸಕ್ಕರೆ, ಉಪ್ಪು, ಜೇನುತುಪ್ಪ ಬೇಡ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡಬಾರದು ಅಂತ ಕಾನೂನೇ ಇದೆ, 1992ರದ್ದು, 2003ರಲ್ಲಿ ಬಿಗಿ ಮಾಡಿದರು. ನೆಂಟರಿಗೆ ಮಾತ್ರ ಆ ಕಾನೂನು ತಗಲುವುದಿಲ್ಲ, ಏನು ಮಾಡೋದು.

ಇನ್ನು ಅಂಟುವಾಳ, ಸೀಗೆಕಾಯಿ. ಇವನ್ನೂ ಅಲ್ಲೇ ಪುಡಿ ಮಾಡಿಕೊಡುತ್ತಾರೆ, ಬೇರೆ ಮೆಷಿನ್ನಿನಲ್ಲಿ, ಸಂಜೆ ಕೊನೆಗೆ. ಬೀಜ ತೆಗೆದು ಗರಿಗರಿ ಒಣಗಿಸಿದ್ದರೆ ಮಾತ್ರ. ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ ನೊರೆ ಬರಿಸುತ್ತದೆ, ರೇಷ್ಮೆ ಸೀರೆಗೆ, ಉಲ್ಲನ್ನಿಗೆ, ಚಿನ್ನದ ಸರಕ್ಕೆ ಇದರಷ್ಟು ಚೆನ್ನಾಗಿ ಬೇರೇನೂ ಇಲ್ಲ. ಕಣ್ಣಿಗೆ ಬಿದ್ದರೆ ಉರಿ, ಜೋಪಾನ. ಕುದಿಸಿ ಬಾಟಲಿಗೆ ತುಂಬಿಟ್ಟರೆ ಕೆಲವೇ ದಿನದಲ್ಲಿ ಹುಳಿಯುತ್ತದೆ, ಪುಡಿಯೇ ವಾಸಿ. ಆದರೆ ಒಗ್ಗರಣೆ ಜಿಡ್ಡಿನ ಬಾಣಲೆಗೆ ಇದು ಸಾಲದು, ಸೋಪೇ ಬೇಕು. ಅಲ್ಲಿ ಉಳಿತಾಯ ಅಷ್ಟಕ್ಕಷ್ಟೇ.

ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಕೊಳೆಸಿ ಮಾಡುವ ದ್ರಾವಣವೂ ಈಗ ಎಲ್ಲರ ಬಾಯಲ್ಲಿ. ಬೆಲ್ಲ ಒಂದು ಪಾಲು, ಸಿಪ್ಪೆ ಮೂರು, ನೀರು ಹತ್ತು, ಮೂರು ತಿಂಗಳು. ಗ್ಯಾಸು ಕಟ್ಟುತ್ತದೆ, ಗಾಜಿನ ಬಾಟಲಿ ಬೇಡ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ. ಸಿಂಕು, ಟೈಲ್ಸಿಗೆ ಪರವಾಗಿಲ್ಲ. ಹುಳಿ ಇರುವುದರಿಂದ ಮೊಸಾಯಿಕ್, ಮಾರ್ಬಲ್ ನೆಲಕ್ಕೆ ಹಾಕಬೇಡಿ, ಹೊಳಪು ಹೋಗುತ್ತದೆ. ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ಬುಸ್ ಅನ್ನಿಸುವುದು ನೋಡಲು ಚೆಂದ, ಒಂದನ್ನೊಂದು ಸಾಯಿಸಿ ಉಳಿಯುವುದು ಹೆಚ್ಚು ಕಡಿಮೆ ಉಪ್ಪು ನೀರು. ಟಾಯ್ಲೆಟ್ಟಿಗೆ ನಾನು ಬ್ಲೀಚಿಂಗ್ ಪೌಡರನ್ನೇ ಹಾಕುವುದು. ಅದರ ಜೊತೆ ವಿನೆಗರ್, ನಿಂಬೆ, ಆಸಿಡ್ ಯಾವತ್ತೂ ಬೆರೆಸಬೇಡಿ, ವಿಷದ ಕ್ಲೋರಿನ್ ಗ್ಯಾಸು ಬರುತ್ತದೆ.

ಹೋಗುವವರಿಗೆ: ಮಧ್ಯಾಹ್ನ ಮುಚ್ಚಿರುತ್ತಾರೆ, ಕರೆಂಟ್ ಹೋದರೆ ಚೀಲ ಅಲ್ಲೇ ಬಿಟ್ಟು ಬರಬೇಕಾಗುತ್ತದೆ, ಮೇಲೆ "ಮಗುವಿನದು" ಅಂತ ದೊಡ್ಡದಾಗಿ ಬರೆದಿಡಿ. ಫೋನಲ್ಲೇ ದುಡ್ಡು ಹಾಕಬಹುದು.