ಆರು ವರ್ಷದ ಬಳಕೆ: ಹೊರಗಿನ ಒತ್ತಡದ ಲೆಕ್ಕದಲ್ಲಿ ನಮ್ಮ ವಿನ್ಯಾಸ ತಂತ್ರಾಂಶ

ಪ್ರೆಶರ್ ವೆಸಲ್, ಅಂದರೆ ಒತ್ತಡ ತಾಳುವ ಮುಚ್ಚಿದ ಪಾತ್ರೆಗಳ ವಿನ್ಯಾಸಕ್ಕೆ ಆರು ವರ್ಷಗಳಿಂದ ಒಂದೇ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಒಳಗಿನ ಒತ್ತಡದ ಲೆಕ್ಕವನ್ನು ಯಾವ ತಂತ್ರಾಂಶವಾದರೂ ಮಾಡೀತು, ಅದಕ್ಕೆ ವಿಮರ್ಶೆ ಬೇಕಿಲ್ಲ. ಪಾತ್ರೆಯೊಳಗೆ ನಿರ್ವಾತ ಉಂಟಾದಾಗ, ಇಲ್ಲವೇ ಸುತ್ತಲಿನ ಜಾಕೆಟ್ (ಹೊರಕವಚ) ಹೊರಗಿನಿಂದ ಅದುಮಿದಾಗ ತಂತ್ರಾಂಶದ ನಿಜವಾದ ಗುಣ ತಿಳಿಯುತ್ತದೆ.

ಡಿಶ್‌ಎಂಡ್‌ಗೆ (ಪಾತ್ರೆಯ ತುದಿಯ ಉಬ್ಬು ಮುಚ್ಚಳಕ್ಕೆ) ಸ್ಟಿಫನರ್ ರಿಂಗ್, ಅಂದರೆ ಗೋಡೆ ಒಳಕ್ಕೆ ಕುಸಿಯದಂತೆ ಸುತ್ತ ಹಾಕುವ ಬಲಪಟ್ಟಿ, ಕೊಡಲು ಹೋದರೆ ಇದು ಒಪ್ಪುವುದೇ ಇಲ್ಲ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆದರೆ ತಪ್ಪು ನನ್ನದೇ: ಇಂಥ ಪಾತ್ರೆಗಳ ಅಮೆರಿಕನ್ ನಿಯಮಸಂಹಿತೆಯಾದ ಎಎಸ್‌ಎಂಇ ಸೆಕ್ಷನ್ 8, ಡಿವಿಷನ್ 1ರಲ್ಲಿ ರಿಂಗ್‌ನ ನಿಯಮವಾದ ಯುಜಿ-29 ಇರುವುದು ಸಿಲಿಂಡರ್ ಆಕಾರದ ಶೆಲ್ಲಿಗೆ (ಪಾತ್ರೆಯ ಗೋಡೆಗೆ). ಡಿಶ್‌ಎಂಡ್‌ಗೆ ಯುಜಿ-33 ತೋರಿಸುವ ದಾರಿ ದಪ್ಪ ಹೆಚ್ಚಿಸುವುದು. ಬರೀ ನಿರ್ವಾತವಾದರೆ ಅದೂ ದೊಡ್ಡ ಹೊರೆಯಲ್ಲ. 2400 ಮಿ.ಮೀ. ವ್ಯಾಸದ 2:1 ಎಲಿಪ್ಸಾಯಿಡಲ್ (ಅಂಡಾಕಾರದ) ಡಿಶ್‌ಎಂಡ್‌ಗೆ ಸಮಾನ ತ್ರಿಜ್ಯ (ಲೆಕ್ಕಕ್ಕೆ ಅದನ್ನು ಗೋಳವೆಂದು ಎಣಿಸುವ ತ್ರಿಜ್ಯ) ವ್ಯಾಸದ 0.9 ಪಟ್ಟು, ಅಂದರೆ 2160 ಮಿ.ಮೀ. ಸಾಮಾನ್ಯ ಉಷ್ಣತೆಯಲ್ಲಿ ಕಾರ್ಬನ್ ಸ್ಟೀಲ್ ಸುಮಾರು 6.2 ಮಿ.ಮೀ. ಇದ್ದರೆ ಪೂರ್ಣ ನಿರ್ವಾತವನ್ನು ತಾಳುತ್ತದೆ. ತುಕ್ಕಿನ ಭತ್ಯೆ ಮತ್ತು ಒತ್ತುವಾಗ ತೆಳುವಾಗುವ ಪಾಲು ಬೇರೆ. ಅಲ್ಲಿ ರಿಂಗ್ ಕೇಳುವವರು ಹೆಚ್ಚಾಗಿ ಅಭ್ಯಾಸಬಲದಿಂದ ಕೇಳುತ್ತಾರೆ.

ಕೋನ್ (ಕೆಳಗೆ ಕಿರಿದಾಗುತ್ತ ಹೋಗುವ ಶಂಕುವಿನಾಕಾರದ ಭಾಗ) ವಿಷಯಕ್ಕೆ ಬಂದರೆ ಇದೇ ತಂತ್ರಾಂಶ ಅತಿ ವಿಶ್ವಾಸ ತೋರಿಸುತ್ತದೆ. ಕೋನ್ ಮತ್ತು ಶೆಲ್ ಸೇರುವ ಜಾಗ ಆಧಾರರೇಖೆ (ಗೋಡೆಯನ್ನು ಕುಸಿಯದಂತೆ ಹಿಡಿಯುವ ಜಾಗ) ಎಂಬ ಗುರುತು ಮೊದಲೇ ಬಿದ್ದಿರುತ್ತದೆ. ಆ ಸಂಧಿಗೆ ಸಾಕಷ್ಟು ಮೊಮೆಂಟ್ ಆಫ್ ಇನರ್ಷಿಯಾ (ಬಾಗದೆ ನಿಲ್ಲುವ ಬಿಗುವಿನ ಅಳತೆ) ಇದೆಯೇ ಎಂಬ ಪರೀಕ್ಷೆ ಇನ್ನೊಂದು ಪುಟದಲ್ಲಿ ಅಡಗಿದೆ, ಕೇಳದಿದ್ದರೆ ನಡೆಯುವುದಿಲ್ಲ. ಒಮ್ಮೆ 4000 ಮಿ.ಮೀ. ಉದ್ದದ ಶೆಲ್ ಮತ್ತು 1500 ಮಿ.ಮೀ. ಎತ್ತರದ ಕೋನ್ ಇರುವ ಪಾತ್ರೆ ಬಂತು. 10 ಮಿ.ಮೀ. ಪ್ಲೇಟ್ ಸಾಕೆಂದು ವರದಿ ಹಸಿರು ತೋರಿಸಿತು. ಅನುಮಾನ ಬಂದು ಗುರುತನ್ನು ತೆಗೆದೆ. ಬೆಂಬಲವಿಲ್ಲದ ಉದ್ದ (ಎರಡು ಆಧಾರರೇಖೆಗಳ ನಡುವಿನ ಅಂತರ) ಒಮ್ಮೆಲೇ ಕೋನ್‌ನಾಚೆಗೂ ಚಾಚಿತು, ಪ್ಲೇಟ್ 12ಕ್ಕೆ ಏರಿತು. ಕೊನೆಗೆ ಸಂಧಿಯಲ್ಲೇ ರಿಂಗ್ ಕೊಟ್ಟು 10 ಅನ್ನೇ ಉಳಿಸಿಕೊಂಡೆ. ಅಂದಿನಿಂದ ಹೊಸ ಫೈಲ್ ತೆರೆದರೆ ನನ್ನ ಕೈ ಮೊದಲು ಹೋಗುವುದು ಆ ಗುರುತಿನ ಕಡೆಗೆ.

ಕೋನ್‌ನ ನಡುವೆ ರಿಂಗ್ ಬೇಕಾದಾಗ ಇನ್ನೊಂದು ತೊಡಕು. ತಂತ್ರಾಂಶ ಎತ್ತರವನ್ನು ಸರಿಪಾಲು ಮಾಡಿ ರಿಂಗ್ ಕೂರಿಸುತ್ತದೆ. ವ್ಯಾಸ 2400ರಿಂದ 800 ಮಿ.ಮೀ.ಗೆ ಇಳಿಯುವ ಆ ಕೋನ್‌ನಲ್ಲಿ ನಟ್ಟನಡುವೆ ರಿಂಗ್ ಹಾಕಿದರೆ ಮೇಲಿನ ತುಂಡಿನ ಸಮಾನ ಉದ್ದ (ಲೆಕ್ಕಕ್ಕೆ ಅದನ್ನು ಸಿಲಿಂಡರ್ ಎಂದು ಎಣಿಸುವ ಉದ್ದ) 625 ಮಿ.ಮೀ., ಕೆಳಗಿನದ್ದು 562. ಉದ್ದದ ಅಂತರ ಚಿಕ್ಕದು, ಆದರೆ ಕೆಳತುಂಡಿನ ದೊಡ್ಡ ವ್ಯಾಸವೇ 1600. ಅದು ಸುಮ್ಮನೆ ಗಟ್ಟಿಯಾಗಿ ಕೂತಿರುತ್ತದೆ, ಭಾರವೆಲ್ಲ ಮೇಲಿನದ್ದಕ್ಕೆ. ರಿಂಗನ್ನು ದೊಡ್ಡ ತುದಿಯತ್ತ ಸರಿಸಬೇಕು, ಅದನ್ನು ಕೈಯಾರೆ ನಾಲ್ಕೈದು ಸಲ ಬದಲಿಸಿ ನೋಡದೆ ವಿಧಿಯಿಲ್ಲ. ದಪ್ಪವನ್ನು ಮಾತ್ರ ಕೋನ್‌ನ ಅರ್ಧ ಶೃಂಗಕೋನದ ಕೊಸೈನ್‌ನಿಂದ ಗುಣಿಸಿ ಸರಿಯಾಗಿಯೇ ತೆಗೆದುಕೊಳ್ಳುತ್ತದೆ.

ವೆಲ್ಡಿಂಗ್ ಬಗ್ಗೆ ವರದಿಯಲ್ಲಿ ಒಂದೇ ಸಾಲು. ಬಿಟ್ಟು ಬಿಟ್ಟು ವೆಲ್ಡ್ ಮಾಡಿದರೆ ಹೊರ ರಿಂಗ್‌ಗೆ ಶೆಲ್ ದಪ್ಪದ 8 ಪಟ್ಟು, ಒಳ ರಿಂಗ್‌ಗೆ 12 ಪಟ್ಟಿಗಿಂತ ಹೆಚ್ಚು ಅಂತರ ಬಿಡಬಾರದೆಂದು ಯುಜಿ-30 ಹೇಳುವುದನ್ನು ನಾನೇ ಡ್ರಾಯಿಂಗ್‌ನಲ್ಲಿ ಬರೆಯುತ್ತೇನೆ. ಕೋನ್ ಮೇಲೆ ಅಡ್ಡಲಾಗಿ ನಿಂತ ರಿಂಗ್‌ನ ಒಂದು ಮಗ್ಗುಲು ಇಕ್ಕಟ್ಟಿನ ಮೂಲೆಯಾಗಿ ವೆಲ್ಡರ್‌ನ ಕೈ ತೂರುವುದೇ ಕಷ್ಟ ಎಂಬುದು ಪರದೆಯ ಚಿತ್ರದಲ್ಲಿ ಕಾಣುವುದಿಲ್ಲ.

ಪರವಾನಗಿಯನ್ನು ಈ ವರ್ಷವೂ ನವೀಕರಿಸಿದ್ದೇನೆ. ಐದಕ್ಕೆ ಮೂರೂವರೆ ಅಂಕ. ಆ ಗುರುತನ್ನು ಖಾಲಿ ಬಿಟ್ಟು ಕೊಟ್ಟಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.