ಅಮ್ಮನ ಸಮಾಧಿಗೆ ಕಲ್ಲು: ಕೆತ್ತನೆಗೆ ಪೂರ್ತಿ ಮಾರ್ಕು, ಚಿನ್ನದ ಬಣ್ಣಕ್ಕೆ ಸೊನ್ನೆ

ಬನ್ನಿಮಂಟಪದ ಕಡೆಯ ಈ ಕಲ್ಲಿನ ಅಂಗಡಿಯಲ್ಲಿ ಅಮ್ಮನ ಸಮಾಧಿಗೆ ಕಲ್ಲು ಮಾಡಿಸಿದೆ. ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಚಿನ್ನದ ಬಣ್ಣಕ್ಕೆ, ಒಂದೇ ಮಳೆಗಾಲಕ್ಕೆ ಮಾಸಿಹೋಯಿತು.

ಕಲ್ಲು ಚಾಮರಾಜನಗರದ ಕರಿ ಗ್ರಾನೈಟ್. ಬೇರೆ ಕಡೆ ಅದೇ ಹೆಸರು ಹೇಳಿ ಬೂದು ಬಣ್ಣದ್ದನ್ನು ತೋರಿಸಿದ್ದರು. ಇಲ್ಲಿನ ಸಾಬರು ಹಲಗೆ ಮೇಲೆ ನೀರು ಸುರಿದು, ಒಣಗುವವರೆಗೂ ನನ್ನನ್ನು ನಿಲ್ಲಿಸಿಕೊಂಡರು. ಎಲ್ಲ ಒಣಗಿದ ಮೇಲೂ ಮೂಲೆಯಲ್ಲಿ ಒಂದು ಸಣ್ಣ ಗೆರೆ ಒದ್ದೆಯಾಗೇ ಉಳಿಯಿತು. "ಬಿರುಕು. ಮೇಣ ತುಂಬಿ ಪಾಲಿಶ್ ಹೊಡೆದ್ರೆ ನಿಮಗೆ ಗೊತ್ತೇ ಆಗಲ್ಲಮ್ಮ" ಅಂದು, ತಾವಾಗೇ ಬೇರೆ ಹಲಗೆ ತೆಗೆದರು. ನಾನು ಇವರಿಗೇ ಅಡ್ವಾನ್ಸ್ ಕೊಟ್ಟದ್ದು ಇದಕ್ಕೆ.

ಕೆತ್ತನೆಗೆ ಅಕ್ಷರದ ಲೆಕ್ಕ. ಒತ್ತನ್ನೂ ಬೇರೆ ಎಣಿಸುತ್ತಾರೆ, "ಕ್ರಿಸ್ತ" ಅನ್ನೋದಕ್ಕೇ ನಾಲ್ಕಾಯಿತು! ಚೌಕಾಸಿ ನಡೆಯಲಿಲ್ಲ.

ಮಾದರಿ ಆಲ್ಬಮ್ ತುಂಬ ಮೋಡ, ಪಾರಿವಾಳ, ರೆಕ್ಕೆ ಇರೋ ಮಕ್ಕಳು. ಬೇಡ ಅಂದೆ. ಅಮ್ಮ ಮೋಡದ ಮೇಲೆ ಸುಮ್ಮನೆ ಕೂರೋ ಹೆಂಗಸಲ್ಲ. ಅದೂ ಅಲ್ಲದೆ, ನಾವು ಆರಾಧನೆಯಲ್ಲಿ ಎದ್ದು ನಿಂತು ಹೇಳುವ ವಿಶ್ವಾಸಪ್ರಮಾಣದಲ್ಲಿರುವುದು ಶರೀರದ ಪುನರುತ್ಥಾನ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 21ನೇ ಅಧ್ಯಾಯ ತೆಗೆದು ನೋಡಿ: ಜನ ಮೇಲಕ್ಕೆ ಹಾರಿಹೋಗುವುದಿಲ್ಲ, ಹೊಸ ಯೆರೂಸಲೇಮೇ ಕೆಳಗಿಳಿದು ಬರುತ್ತದೆ, ದೇವರು ಮನುಷ್ಯರ ನಡುವೆ ಮನೆ ಮಾಡುತ್ತಾನೆ. ಇದನ್ನೆಲ್ಲ ಹೇಳಿದ್ದಕ್ಕೆ ಸಾಬರು, "ಎದ್ದು ಬರೋರಿಗೆ ಇಷ್ಟು ದಪ್ಪ ಕಲ್ಲು ಯಾಕಮ್ಮ, ತೆಳ್ಳಗಿನದು ಸಾಕಲ್ಲ?" ಅಂದರು. ಯೇಸುವಿನ ಸಮಾಧಿಗೆ ಇಟ್ಟಿದ್ದು ಇದಕ್ಕಿಂತ ದೊಡ್ಡದು ಅಂದೆ. ನಕ್ಕರು. ದಪ್ಪದ್ದಕ್ಕೇ ಬಿಲ್ ಹಾಕಿದರು.

ಹಳೆಯ ಪದ್ಧತಿಯಂತೆ ಪಶ್ಚಿಮಕ್ಕೆ ತಲೆ, ಪೂರ್ವಕ್ಕೆ ಕಾಲು, ಎದ್ದಾಗ ಮೂಡಣಕ್ಕೆ ಮುಖ ಇರಲಿ ಅಂತ. ಹೆಸರಿನ ಕಲ್ಲು ಯಾವ ತುದಿಗೆ ಅಂತ ನಾನು ಹೇಳುವ ಮೊದಲೇ ಇವರಿಗೆ ಗೊತ್ತಿತ್ತು.

ವಾಕ್ಯ ಯಾವುದು ಅನ್ನೋದೇ ಮನೆಯಲ್ಲಿ ದೊಡ್ಡ ಜಗಳ. ಅಣ್ಣನಿಗೆ "ಪರಲೋಕ ಸೇರಿದರು" ಅಂತ ಇದ್ದರೆ ಸಾಕಿತ್ತು. ಅಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಡಿಸ್ಚಾರ್ಜ್ ಆಗೋರು ಕೈಗೆ ತುರುಕುವ ಕಾಫಿ ಕಾಸು ಮುಟ್ಟುತ್ತಿರಲಿಲ್ಲ, ವಾರ್ಡಿನ ಹತ್ತಿಯ ಒಂದು ಎಳೆ ನಮ್ಮ ಮನೆಗೆ ಬಂದದ್ದಿಲ್ಲ. ಕೇಳಿದರೆ, "ಮದುವೆ ಮನೆಗೆ ಕರೆದವ್ರೆ, ಕೊಳಕು ಸೀರೇಲಿ ಹೋಗಕ್ಕಾಯ್ತದ?" ಅನ್ನುತ್ತಿದ್ದಳು. ಮದುವೆ ಮನೆ ಅಂದರೆ ದೇವರ ರಾಜ್ಯ. ಸೀರೆ ತೊಳೆದದ್ದಕ್ಕೇ ಕರೆ ಬಂತು ಅಂತ ಮಾತ್ರ ಅವಳು ಯಾವತ್ತೂ ತಿಳಿದಿರಲಿಲ್ಲ, ಕರೆ ಕೃಪೆಯಿಂದ ಬಂದದ್ದು. ನಮ್ಮದು ವೆಸ್ಲಿಯನ್ ಮಿಷನ್ನಿನಿಂದ 1947ರಲ್ಲಿ ಸಿ.ಎಸ್.ಐ.ಗೆ (ದಕ್ಷಿಣ ಭಾರತ ಸಭೆಗೆ) ಬಂದ ಸಭೆ. ಪವಿತ್ರತೆ ಸತ್ತ ಮೇಲಿನ ಮಾತಲ್ಲ, ಬದುಕಿರುವಾಗಲೇ ಬೆಳೆಯಬೇಕು ಅಂತ ಆ ಪಂಥದ ಮೂಲಪುರುಷ ಜಾನ್ ವೆಸ್ಲಿ ಸಾರಿದ್ದನ್ನು ಓದು ಬಾರದ ಅಮ್ಮ ಬರೀ ಪ್ರಸಂಗ ಕೇಳಿಯೇ ಹಿಡಿದುಕೊಂಡಿದ್ದಳು.

ಹಾಗಾಗಿ 1 ಯೋಹಾನ 3:3 ಆರಿಸಿದೆ. ಕ್ರಿಸ್ತನನ್ನು ಕಾಣುವ ನಿರೀಕ್ಷೆ ಇರುವವರು ಆತನ ಹಾಗೆ ತಮ್ಮನ್ನು ಶುದ್ಧ ಮಾಡಿಕೊಳ್ಳುತ್ತಾರೆ ಅನ್ನುವುದು ಅದರ ಸಾರ. ಪೂರ್ತಿ ವಾಕ್ಯಕ್ಕೆ ಅಕ್ಷರದ ರೇಟು ನಮ್ಮ ಕೈಗೆಟುಕಲಿಲ್ಲ, ಅಧ್ಯಾಯ ವಚನ ಮಾತ್ರ ಹಾಕಿಸಿದೆವು. ಬೇಕಾದವರು ಮನೆಗೆ ಹೋಗಿ ಬೈಬಲ್ ತೆಗೆಯಲಿ.

ಮಾಡಿಸುವವರಿಗೆ: ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಬೇಡಿ, ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಕಾಗದದಲ್ಲಿ ಬರೆದುಕೊಡಿ, ಕಲ್ಲಿಗೆ ಅಂಟಿಸಿದ ಸ್ಟಿಕರನ್ನು ನಿಂತು ಓದಿ ಆಮೇಲೆ ಒಪ್ಪಿಕೊಳ್ಳಿ. ಬಣ್ಣ ಬಿಳಿಯದೇ ಹಾಕಿಸಿ. ಭಾನುವಾರ ತೆರೆದಿರುತ್ತದೆ, ಶುಕ್ರವಾರ ಮಧ್ಯಾಹ್ನ ಯಾರೂ ಸಿಗುವುದಿಲ್ಲ.