ರೋಥೆನ್‌ಬರ್ಗ್ ಗೈಡ್: ಕೋಟೆ ಸುತ್ತೋಕೆ ಸೂಪರ್, ಊಟಕ್ಕೆ ನಂಬ್ಕೋಬೇಡ್ರಿ

ಮಗಳು ನ್ಯೂರೆಂಬರ್ಗ್‌ನಲ್ಲಿ ಓದ್ತಿರೋದು ಗೊತ್ತಾದ್ಮೇಲೆ ದುರ್ಗದಾಗೆ ಯಾರು ಜರ್ಮನಿಗೆ ಹೊರಟ್ರೂ ಮೊದ್ಲು ನಂಗೇ ಫೋನು, ಅದ್ಕೆ ಎಲ್ರಿಗೂ ಸೇರಿಸಿ ಇಲ್ಲೇ ಬರೀತಿದೀನಿ. ರೋಥೆನ್‌ಬರ್ಗ್ ಓಬ್ ಡೆರ್ ಟೌಬರ್ ಅಂತ ಸಣ್ಣ ಊರು, ಹನ್ನೊಂದು ಸಾವಿರ ಜನ ಇರಬೋದು ಅಷ್ಟೆ. ಅಲ್ಲಿನೋರೇ ಸೇರ್ಕೊಂಡು ಬರೆದಿರೋ ಫ್ರೀ ಗೈಡ್ ಒಂದೈತೆ, ನಾವು ಅದನ್ನೇ ಹಿಡ್ಕೊಂಡು ಓಡಾಡಿದ್ವಿ.

ಟ್ರೈನ್ ವಿಷ್ಯ ಚೆನ್ನಾಗಿ ಕೊಟ್ಟಿದಾರೆ. ಸ್ಟೈನಾಖ್‌ನಲ್ಲಿ ಇಳಿದು ಸಣ್ಣ ಟ್ರೈನ್ ಹತ್ತಬೇಕು, ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದೊಳಗೆ ಒಂದು ದಿನ ಓಡಾಡೋ ಟಿಕೆಟ್) ತಗೊಂಡ್ರೆ ವಾರದ ದಿನ ಬೆಳಗ್ಗೆ 9ರ ಮುಂಚೆ ನಡೆಯಲ್ಲ, ಫಾಸ್ಟ್ ಟ್ರೈನಿಗಂತೂ ಇಲ್ವೇ ಇಲ್ಲ. ಹೆಚ್ಚುಕಮ್ಮಿ ಇದೇ ಹೆಸರಿನ ಊರು ಬೇರೆನೂ ಇದಾವಂತೆ, ಬುಕ್ ಮಾಡುವಾಗ ಟೌಬರ್ ಅಂತ ಇದ್ಯಾ ನೋಡ್ಕೊಳ್ಳಿ.

ಕೋಟೆ ಭಾಗ ಓದಿದ್ರೆ ಗೊತ್ತಾಗುತ್ತೆ ಬರೆದೋರು ದಿನಾ ಅಲ್ಲೇ ಓಡಾಡೋರು ಅಂತ. ಗೋಡೆ ಮೇಲೆ ಚಾವಣಿ ಇರೋ ದಾರಿ, ಟಿಕೆಟ್ ಇಲ್ಲ, ಎಲ್ಲಿ ಹತ್ತಿದ್ರೆ ಜನ ಕಮ್ಮಿ ಅನ್ನೋದನ್ನೂ ಹೇಳಿದಾರೆ. 1945ರ ಮಾರ್ಚ್ 31ಕ್ಕೆ ಬಾಂಬ್ ಬಿದ್ದು ಊರಿನ ಒಂದು ಭಾಗ ಹಾಳಾಯ್ತಲ್ಲ, ಆಮೇಲೆ ಬೇರೆ ಬೇರೆ ದೇಶದೋರು ದುಡ್ಡು ಕೊಟ್ಟು ಗೋಡೆ ಕಟ್ಟಿಸಿದ್ರು, ಆ ಹೆಸರೆಲ್ಲ ಕಲ್ಲಲ್ಲಿ ಕೆತ್ತಿದಾರೆ, ಗೈಡ್ ಹೇಳದೆ ಇದ್ದಿದ್ರೆ ನಾವು ನೋಡ್ದಲೇ ಮುಂದೆ ಹೋಗ್ತಿದ್ವಿ. ಏಳು ಸುತ್ತಿನ ಕೋಟೆ ನೋಡ್ಕೊಂಡೇ ಬೆಳೆದೋರು ನಾವು, ಕೋಟೆ ಅಂದ್ರೆ ಅಷ್ಟು ಸುಲಭಕ್ಕೆ ಬಾಯಿ ಬಿಡಲ್ಲ, ಆದ್ರೂ ಮನೆಗಳ ಹೆಂಚಿನ ಮೇಲಿಂದ ಊರು ನೋಡ್ತಾ ನಡೆಯೋದು ಬೇರೇನೇ ಮಜಾ. 1631ರಲ್ಲಿ ಶತ್ರು ಸೈನ್ಯ ಊರು ಹಿಡಿದಾಗ ಮೇಯರು ಒಂದೇ ಗುಟುಕಿಗೆ ಮೂರೂಕಾಲು ಲೀಟರ್ ವೈನ್ ಕುಡಿದು ಊರು ಉಳಿಸಿದ ಅನ್ನೋ ಕಥೆ ಐತೆ, ಊರ ಚೌಕದ ಗಡಿಯಾರದಲ್ಲಿ ಗಂಟೆಗೊಂದ್ಸಲ ಬೊಂಬೆ ಬಂದು ಕುಡಿಯುತ್ತೆ, ಇದು ಬರೀ ದಂತಕಥೆ ಅಂತ ಗೈಡ್ ಬರೆದೋರೇ ಒಪ್ಕೊಂಡಿದಾರೆ, ಅದು ಇಷ್ಟ ಆಯ್ತು. ಆದ್ರೆ ಟೌನ್ ಹಾಲ್ ಗೋಪುರಕ್ಕೆ 220 ಮೆಟ್ಲು, ಮೇಲೆ ಹೋದಂಗೆ ಇಕ್ಕಟ್ಟು, ಅದನ್ನ ಬರೆದೇ ಇಲ್ಲ. ನಮ್ಮನೆಯೋರ ಮಂಡಿ ನೋವು ಕೇಳೋರು ಯಾರು!

ಊಟದ್ದು ಮಾತ್ರ ದೇವ್ರೇ ಗತಿ. ಸಾಸೇಜು, ಬಿಯರ್ ಬಗ್ಗೆ ಪೇಜುಗಟ್ಲೆ, ವೆಜ್‌ನೋರಿಗೆ ಒಂದು ಲೈನು. ಷ್ನೇಬಾಲ್ ಅನ್ನೋ ಸಿಹಿ ತಿನ್ಲೇಬೇಕು ಅಂತಾರೆ, ನೋಡೋಕೆ ನಮ್ಮ ಚಿರೋಟಿನ ಮುದ್ದೆ ಮಾಡಿ ಸಕ್ಕರೆ ಪುಡಿ ಉದುರಿಸ್ದಂಗೆ, ಅದ್ರಲ್ಲಿ ಮೊಟ್ಟೆ ಇರುತ್ತೆ, ಕೆಲವು ಕಡೆ ಹಂದಿ ಕೊಬ್ಬಲ್ಲಿ ಕರೀತಾರೆ, ನಮ್ಮಲ್ಲಿ ಎಷ್ಟು ಜನ ಬಾಯಿಗಿಡಲ್ಲ ಹೇಳಿ! ಕೇಳಿ ತಗೊಳ್ಳಿ. ಹೋಟ್ಲಲ್ಲಿ ಕೂತ ತಕ್ಷಣ ನಮ್ಮ ಕಡೆ ಥರ ಲೋಟ ನೀರು ಇಡಲ್ಲ, ನೀರಿಗೂ ದುಡ್ಡು. ಭಾನುವಾರ ಸೂಪರ್ ಮಾರ್ಕೆಟ್ ಬಂದ್, ಅದನ್ನೂ ಬರೆದಿಲ್ಲ, ಅವ್ರಿಗೆ ಹುಟ್ಟಿದಾಗಿಂದ ಅಭ್ಯಾಸ ನೋಡ್ರಿ.

ಅದ್ಕೆ ಶನಿವಾರನೇ ಮೊಸ್ರು ಬ್ರೆಡ್ಡು ತಂದಿಟ್ಕೊಳ್ಳಿ, ಶೇಂಗಾ ಚಟ್ನಿಪುಡಿ ಹೆಂಗೂ ಬ್ಯಾಗಲ್ಲಿ ಇರುತ್ತಲ್ಲ. ಪ್ಲಾಸ್ಟಿಕ್ ಬಾಟ್ಲಿ ಬಿಸಾಕ್ಬೇಡಿ, ವಾಪಸ್ ಕೊಟ್ರೆ ಒಂದಕ್ಕೆ 25 ಸೆಂಟ್ ಬರುತ್ತೆ.